ಡ್ರೈವರ್ ಏಳದ ಬೆಳಗು



ನಮ್ಮ ಪಿಂಪ್ರಿ-ಚಿಂಚವಾಡದ ಭೋಸರಿಯಲ್ಲೊಂದು ಕಾರ್ಖಾನೆ ಎಂದಿಟ್ಟುಕೊಳ್ಳಿ. ಬೆಳಗಿನ ಪಾಳಿಗೆ ಯಂತ್ರ ಚಾಲೂ ಮಾಡಿದರೆ ಟಚ್ ಸ್ಕ್ರೀನಿನಲ್ಲಿ ಚಿತ್ರ ಬರುತ್ತದೆ, ಬೆರಳಿಟ್ಟರೆ ಏನೂ ಆಗದು. ಆಫ್ ಮಾಡಿ ಆನ್ ಮಾಡಿದರೆ ಸರಿ! ನಾಳೆ ಮತ್ತೆ ಅದೇ ಕಥೆ. ಪಾಳಿಯವರು ಕೈಕಟ್ಟಿ ನಿಲ್ಲುತ್ತಾರೆ. ಬೈಗುಳ ಸ್ಕ್ರೀನ್ ಮಾರಿದವನಿಗೆ.

ತಪ್ಪು ಡ್ರೈವರ್‌ದಿರಬಹುದು. ಬಸ್ಸಿನ ಡ್ರೈವರ್ ಅಲ್ಲ, ಲಿನಕ್ಸ್ ಕರ್ನೆಲ್‌ನೊಳಗಿನದು. ಡ್ರೈವರ್ ಮಾಡ್ಯೂಲ್‌ಗಳು ಒಟ್ಟೊಟ್ಟಿಗೆ ಲೋಡ್ ಆಗುವಾಗ ಯಾರು ಮೊದಲು ಏಳುತ್ತಾರೆಂಬುದು ದಿನಕ್ಕೊಂದು ತರಹ. ಟಚ್‌ಗೆ ವಿದ್ಯುತ್ ಕೊಡುವ ರೆಗ್ಯುಲೇಟರ್ ಇನ್ನೂ ಎದ್ದಿಲ್ಲವಾದರೆ ಟಚ್ ಡ್ರೈವರ್ ಕರ್ನೆಲ್‌ಗೆ ‘ಆಮೇಲೆ ಮತ್ತೆ ಕರೆಯಿರಿ’ ಎನ್ನಬೇಕು. ಅದರ ಸಂಖ್ಯೆ ಮೈನಸ್ 517; 2012ರಲ್ಲಿ ಬಂದ 3.4ನೇ ಆವೃತ್ತಿಯಿಂದ ಈ ಏರ್ಪಾಡಿದೆ. ಅವಸರದಲ್ಲಿ ಬರೆದ ಡ್ರೈವರ್ ಮೈನಸ್ 19, ಅಂದರೆ ‘ಸಾಧನವೇ ಇಲ್ಲ’ ಎಂದುಬಿಡುತ್ತದೆ. ಕರ್ನೆಲ್ ನಂಬುತ್ತದೆ, ಮತ್ತೆ ಕರೆಯುವುದಿಲ್ಲ.

ಬೂಟ್ ಆದೇಶಕ್ಕೆ ‘ಇನಿಟ್‌ಕಾಲ್ ಡೀಬಗ್’ ಸೇರಿಸಿ ಲಾಗ್ ಓದಿ. ಯಾರು ಯಾವಾಗ ಎದ್ದರು, ಯಾವ ಸಂಖ್ಯೆ ಹೇಳಿದರು ಎಂಬುದು ಸಿಗುತ್ತದೆ. ಕೆಲಸ ಮಾಡಿದ ದಿನದ ಲಾಗನ್ನೂ ಪಕ್ಕದಲ್ಲಿಡಿ. ಡ್ರೈವರ್‌ನಲ್ಲಿ ಎರಡು ಸೆಕೆಂಡು ಕಾಯುವ ಸಾಲು ತುರುಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಸುಳ್ಳೇಕೆ, ನಾನೂ ಮಾಡಿದ್ದೇನೆ. ರೆಗ್ಯುಲೇಟರ್ ಮೂರನೇ ಸೆಕೆಂಡಿಗೆ ಎದ್ದ ದಿನ ಪಾಳಿ ಮತ್ತೆ ನಿಂತಿತು.