ಹಿಟ್ಟು ಮೆತ್ತಿದ ಕೈಯ ನತಾಲಿ

ಟಿವಿಯಲ್ಲಿ ಅಡುಗೆ ಮಾಡೋರನ್ನ ನೀವೆಲ್ಲ ನೋಡಿದ್ದೀರಿ. ಈರುಳ್ಳಿ ಮೊದಲೇ ಹೆಚ್ಚಿಟ್ಟಿರುತ್ತೆ, ಬಟ್ಟೆ ಮೇಲೆ ಒಂದು ಕಲೆ ಇರಲ್ಲ. ನಮ್ಮ ಅಟ್ಲಾಂಟಾದ ನತಾಲಿ ಡುಪ್ರೀ ಹಾಗಿರಲಿಲ್ಲ. 1986ರಲ್ಲಿ ಅಮೆರಿಕದ ಪಬ್ಲಿಕ್ ಟೆಲಿವಿಷನ್‌ನಲ್ಲಿ ‘ನ್ಯೂ ಸದರ್ನ್ ಕುಕಿಂಗ್’ ಕಾರ್ಯಕ್ರಮ ಶುರು ಮಾಡಿದರು ನೋಡಿ, ಮೈಮೇಲೆಲ್ಲ ಹಿಟ್ಟು! ಕೈಯಿಂದ ಏನೋ ಜಾರುತ್ತೆ, ಮಾತು ಮಾತ್ರ ನಿಲ್ಲಲ್ಲ. ನನಗೆ ಅವರು ಹಿಡಿಸಿದ್ದೇ ಅದಕ್ಕೆ.

ಹುಟ್ಟಿದ್ದು 1939ರಲ್ಲಿ, ನ್ಯೂಜೆರ್ಸಿಯಲ್ಲಿ, ಬೆಳೆದದ್ದು ವರ್ಜೀನಿಯಾದಲ್ಲಿ. ಓದುವಾಗ ಹಾಸ್ಟೆಲಿನ ಅಡುಗೆಯವರು ಕಾಯಿಲೆ ಬಿದ್ದರು, ಇವರು ಒಲೆ ಮುಂದೆ ನಿಂತರು. ಆಮೇಲೆ ಲಂಡನ್ನಿನ ಕಾರ್ಡಾನ್ ಬ್ಲೂ ಅಡುಗೆ ಶಾಲೆ, ಸ್ಪೇನಿನ ಮಜೋರ್ಕಾ ದ್ವೀಪದಲ್ಲಿ ಹೋಟೆಲ್ ಕೆಲಸ, ಜಾರ್ಜಿಯಾದ ಸಣ್ಣ ಊರಲ್ಲಿ ಸ್ವಂತ ಹೋಟೆಲು. ಅಡುಗೆ ಶಾಲೆ ತೆರೆಯಮ್ಮಾ ಅಂತ ಹೇಳಿದವರು ಅಮೆರಿಕದ ಟಿವಿ ಅಡುಗೆಯ ದೊಡ್ಡ ಹೆಸರು, ಸಾಕ್ಷಾತ್ ಜೂಲಿಯಾ ಚೈಲ್ಡ್. 1975ರಲ್ಲಿ ಅಟ್ಲಾಂಟಾದ ರಿಚಸ್ ಅಂಗಡಿಯಲ್ಲಿ ಆ ಶಾಲೆ ಶುರುವಾಯಿತು. ಅಲ್ಲಿ ಕಲಿತವರು ಹತ್ತು ಸಾವಿರಕ್ಕೂ ಹೆಚ್ಚು.

ಅವರದ್ದೊಂದು ಸಿದ್ಧಾಂತ ಇತ್ತು, ಸಸ್ಯಾಹಾರಿಗಳು ಕ್ಷಮಿಸಬೇಕು. ಬಾಣಲೆಯಲ್ಲಿ ಹಂದಿಮಾಂಸದ ತುಂಡು ಒಂದೇ ಇದ್ದರೆ ಒಣಗಿ ಹೋಗುತ್ತೆ. ಎರಡು ಮೂರು ಇದ್ದರೆ ಒಂದರ ಕೊಬ್ಬು ಇನ್ನೊಂದನ್ನ ಕಾಯುತ್ತೆ. ಅಡುಗೆ ಬರೆಯೋ ಹೆಂಗಸರು ಹೀಗೇ ಬೇಯಬೇಕು ಅನ್ನೋದು ಅವರ ವಾದ. ಸುಮ್ಮನೆ ಹೇಳಿ ಬಿಡಲಿಲ್ಲ, ಹೊಸಬರ ಕೈ ಹಿಡಿದು ಪ್ರಕಾಶಕರ ಬಾಗಿಲಿಗೆ ಕರೆದುಕೊಂಡು ಹೋದರು.

ಅಮೆರಿಕದ ದಕ್ಷಿಣದ ಊಟ ಅಂದರೆ ಜಿಡ್ಡು, ಬಡವರ ಕೂಳು ಅಂತ ಮೂಗು ಮುರಿಯುತ್ತಿದ್ದ ಕಾಲ ಅದು. ನಮ್ಮ ಜೋಳದ ನುಚ್ಚಿನ ಹಾಗಿರುವ ಗ್ರಿಟ್ಸು, ಮಜ್ಜಿಗೆ ಹಾಕಿ ಕಲಸಿದ ಮೆತ್ತನೆ ಬಿಸ್ಕತ್ತು, ಇವನ್ನೇ ಹೆಮ್ಮೆಯಿಂದ ಮೇಜಿಗೆ ತಂದರು. ಆದರೆ ಆ ಅಡುಗೆಯನ್ನ ತಲೆಮಾರುಗಟ್ಟಲೆ ಕಟ್ಟಿದ ಕೈಗಳಲ್ಲಿ ಬಹಳಷ್ಟು ಕಪ್ಪು ಹೆಂಗಸರವು. ಅಂಥವರಲ್ಲೊಬ್ಬರಾದ, 1976ರಲ್ಲಿ ‘ದಿ ಟೇಸ್ಟ್ ಆಫ್ ಕಂಟ್ರಿ ಕುಕಿಂಗ್’ ಬರೆದ ವರ್ಜೀನಿಯಾದ ಎಡ್ನಾ ಲೂಯಿಸ್ ಅವರನ್ನ ವಾರವಾರ ಟಿವಿಯಲ್ಲಿ ನೋಡಬೇಕಿತ್ತು ಅನ್ನೋ ಸಂಕಟ ನನಗೆ ಇನ್ನೂ ಇದೆ.

ನತಾಲಿ ಆಮೇಲೆ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ಗೆ ಹೋದರು. 2010ರಲ್ಲಿ, ಎಪ್ಪತ್ತರ ವಯಸ್ಸಲ್ಲಿ, ಸೆನೆಟ್ ಚುನಾವಣೆಗೂ ನಿಂತರು! ಮತಪತ್ರದಲ್ಲಿ ಹೆಸರಿಲ್ಲ, ಮತ ಹಾಕೋರೇ ಬರೆಯಬೇಕು. ಸೋತರು ಬಿಡಿ. ಎರಡೇ ವರ್ಷಕ್ಕೆ ಸಿಂಥಿಯಾ ಗ್ರೌಬಾರ್ಟ್ ಜೊತೆ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಸದರ್ನ್ ಕುಕಿಂಗ್’ ಅನ್ನೋ ಪುಸ್ತಕ ತಂದರು, ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಗೆದ್ದರು. 2025ರ ಜನವರಿಯಲ್ಲಿ, ನಾರ್ತ್ ಕೆರೊಲಿನಾದ ರಾಲೀಯಲ್ಲಿ ತೀರಿಕೊಂಡರು.

ಅವರ ಬಿಸ್ಕತ್ತು ಒಂದು ಸಲ ಮಾಡಿ ನೋಡಿ. ಹಿಟ್ಟನ್ನ ಜಾಸ್ತಿ ನಾದಬೇಡಿ, ಗಟ್ಟಿಯಾಗುತ್ತೆ. ಚೆಲ್ಲಿದರೆ ಚೆಲ್ಲಲಿ.