ನದಿಯ ಮೇಲೊಂದು ವಾರ: ಯುರೋಪಿನ ಐಷಾರಾಮಿ ನೌಕಾಯಾನವನ್ನು ಆರಿಸುವ ಮುನ್ನ



ಮಲೆನಾಡಿನಲ್ಲಿ ನದಿಯ ಕುರಿತು ಸಭೆ ಸೇರಿದಾಗಲೆಲ್ಲ ಅಣೆಕಟ್ಟು, ನದಿ ತಿರುವು, ಮುಳುಗಡೆಗಳ ಮಾತೇ ಪ್ರಧಾನವಾಗುವುದು ಸಹಜ. ಇಂದಿನ ವಿಷಯ ಪ್ರವಾಸ. ಇದು ಈ ವೇದಿಕೆಗೆ ಹೊರತಾದುದೆಂದು ಕೆಲವರಿಗೆ ತೋರಬಹುದು. ಆದರೆ ಮಕ್ಕಳು ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ನೆಲೆಸಿದ ಮನೆಗಳ ಜಗಲಿಯ ಮೇಲೆ ಈಗ ರೈನ್, ಡ್ಯಾನ್ಯೂಬ್ ನದಿಯಾನದ ಬಣ್ಣದ ಪುಸ್ತಿಕೆಗಳು ಕಾಣಿಸತೊಡಗಿವೆ. ಒಂದು ವಾರದ ಈ ಪ್ರವಾಸಕ್ಕೆ ತೆರುವ ಹಣ ಸಣ್ಣದಲ್ಲ. ಆ ಹಣ ಯಾವ ನದಿಗೆ, ಯಾವ ರೀತಿಯ ನೌಕೆಗೆ ಸಲ್ಲಬೇಕು ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಯಜಮಾನರು ಅಡಿಕೆ ಬೆಳೆಗಾರರು. ಮಂಡಿನೋವಿನಿಂದ ಈಚೆಗೆ ಗುಡ್ಡ ಹತ್ತುವುದು ಕಡಿಮೆಯಾಗಿದೆ. ಅವರ ಪತ್ನಿಯ ತವರೂರು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದೆ. ಮಗ ಎರಡು ಪುಸ್ತಿಕೆಗಳನ್ನು ಕಳುಹಿಸಿದ್ದಾನೆ. ಒಂದು, ಜರ್ಮನಿಯ ಪಸ್ಸಾವಿನಿಂದ ವಿಯೆನ್ನಾ ಮಾರ್ಗವಾಗಿ ಬುಡಾಪೆಸ್ಟಿಗೆ. ಇನ್ನೊಂದು, ಬುಡಾಪೆಸ್ಟಿನಿಂದ ಸರ್ಬಿಯ, ಬಲ್ಗೇರಿಯ, ರೊಮೇನಿಯಗಳ ಕಡೆಗೆ. ಎರಡೂ ಒಂದೇ ಡ್ಯಾನ್ಯೂಬ್. “ಯಾವುದು ಬೇಕು, ಅಮ್ಮಾ?” ಎಂಬುದು ಮಗನ ಪ್ರಶ್ನೆ.

ಮೊದಲು ನೌಕೆಯ ಸ್ವರೂಪವನ್ನು ತಿಳಿಯಬೇಕು. ಇವು ಸಮುದ್ರದ ಹಡಗುಗಳಂತೆ ಬೃಹತ್ತಾದವುಗಳಲ್ಲ. ಈ ನದಿಗಳಲ್ಲಿ ನೀರಿನ ಮಟ್ಟ ಬದಲಾಗುವೆಡೆ ನೌಕೆಯನ್ನು ಏರಿಸಿ ಇಳಿಸುವ ‘ಲಾಕ್’ಗಳಿವೆ. ಡ್ಯಾನ್ಯೂಬನ್ನು ರೈನಿಗೆ ಜೋಡಿಸುವ, 1992ರಲ್ಲಿ ತೆರೆದ 171 ಕಿ.ಮೀ. ಉದ್ದದ ಕಾಲುವೆಯಲ್ಲಿ ಇಂಥವು 16 ಇವೆ. ಇವುಗಳ ಅಗಲ 12 ಮೀಟರ್. ಆದ್ದರಿಂದ ನೌಕೆಯ ಅಗಲ ಹನ್ನೊಂದೂವರೆ ಮೀಟರಿನೊಳಗೆ, ಉದ್ದ ಹೆಚ್ಚೆಂದರೆ 135 ಮೀಟರ್. ಐಷಾರಾಮವೆಂದರೆ ಇಷ್ಟು ಜಾಗವನ್ನು ಎಷ್ಟು ಜನರಿಗೆ ಹಂಚಲಾಗಿದೆ ಎಂಬ ಲೆಕ್ಕವಷ್ಟೇ. ಒಂದೇ ಅಳತೆಯ ನೌಕೆಯಲ್ಲಿ ಒಬ್ಬರು 190 ಜನರನ್ನು, ಇನ್ನೊಬ್ಬರು 130 ಜನರನ್ನು ಕೂರಿಸಬಹುದು. ಪುಸ್ತಿಕೆಯಲ್ಲಿ ದೀಪಗೊಂಚಲುಗಳ ಚಿತ್ರ ನೋಡುವುದಕ್ಕಿಂತ ಈ ಸಂಖ್ಯೆಯನ್ನು ಕೇಳುವುದು ಲೇಸು.

ಕೆಳ ಅಂತಸ್ತಿನ ಕ್ಯಾಬಿನ್‌ಗಳಲ್ಲಿ ಕಿಟಕಿ ಎತ್ತರದಲ್ಲಿದ್ದು ಚಿಕ್ಕದಾಗಿರುತ್ತದೆ. ನೀರಿನ ಮಟ್ಟ ಅದಕ್ಕೆ ಸಮೀಪ. ‘ಫ್ರೆಂಚ್ ಬಾಲ್ಕನಿ’ ಎಂದರೆ ಕುಳಿತುಕೊಳ್ಳುವ ಬಾಲ್ಕನಿಯಲ್ಲ. ಸರಿಯುವ ಗಾಜಿನ ಬಾಗಿಲು, ಅದಕ್ಕೊಂದು ಕಟಕಟೆ, ಅಷ್ಟೇ. ಪಟ್ಟಣಗಳಲ್ಲಿ ನೌಕೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸುವ ವಾಡಿಕೆಯಿರುವುದರಿಂದ, ಹೆಚ್ಚಿನ ಹಣ ತೆತ್ತ ಬಾಗಿಲು ತೆರೆದಾಗ ಕಾಣುವುದು ಪಕ್ಕದ ನೌಕೆಯ ಪರದೆಯೂ ಆಗಿರಬಹುದು. ದಡಕ್ಕೆ ಹೋಗಲು ಆ ನೌಕೆಯನ್ನು ದಾಟಿ, ಮೆಟ್ಟಿಲು ಹತ್ತಿ ಇಳಿಯಬೇಕಾದೀತು. ಮಂಡಿನೋವಿನವರು ಲಿಫ್ಟ್ ಎಲ್ಲಿಯವರೆಗೆ ಇದೆ, ಹಳೆಯ ಪೇಟೆಗಳ ಕಲ್ಲುಹಾಸಿನ ಮೇಲೆ ನಿಧಾನವಾಗಿ ನಡೆಯುವವರಿಗೆ ಪ್ರತ್ಯೇಕ ಗುಂಪು ಇದೆಯೇ ಎಂದು ವಿಚಾರಿಸಬೇಕು. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಲಿಖಿತವಾಗಿ ತಿಳಿಸಬೇಕು. ಸರ್ಬಿಯ ಷೆಂಗೆನ್ ವಲಯದ ಹೊರಗಿರುವುದರಿಂದ, ಅದನ್ನು ಹಾದು ಮತ್ತೆ ವಲಯದೊಳಗೆ ಬರುವವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶವಿರುವ ಷೆಂಗೆನ್ ವೀಸಾ ಅಗತ್ಯ.

ಇವೆಲ್ಲಕ್ಕಿಂತ ಮುಖ್ಯವಾದುದು ನೀರು. 2018ರ ಅಕ್ಟೋಬರಿನಲ್ಲಿ ರೈನ್ ನದಿಯ ಕೌಬ್ ಎಂಬಲ್ಲಿನ ಮಾಪಕ 25 ಸೆಂಟಿಮೀಟರಿಗೆ ಇಳಿಯಿತು. ಮಾಪಕದ ಅಂಕೆಯೇ ನದಿಯ ಆಳವಲ್ಲ, ನಾವೆ ಸಾಗುವ ಪಾತ್ರ ಅದಕ್ಕಿಂತ ಆಳ; ಆದರೂ ಅದು ಅಪೂರ್ವ ಕುಸಿತ. 2022ರ ಆಗಸ್ಟಿನಲ್ಲಿ ಮತ್ತೆ ಬರ; ಆಗ ಸರ್ಬಿಯದ ಪ್ರಾಹೊವೊ ಬಳಿ ಡ್ಯಾನ್ಯೂಬಿನ ತಳದಿಂದ ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ್ದ ಜರ್ಮನ್ ಯುದ್ಧನೌಕೆಗಳು ಮೇಲೆ ಕಂಡವು. ಇದಕ್ಕೆ ವಿರುದ್ಧವಾಗಿ 2013ರ ಜೂನ್‌ನಲ್ಲಿ ಪಸ್ಸಾವಿನಲ್ಲಿ ನೀರು 12.89 ಮೀಟರಿಗೆ ಏರಿತು. 1501ರ ನಂತರ ಅಲ್ಲಿ ಅಂತಹ ನೆರೆ ಬಂದಿರಲಿಲ್ಲ. 2024ರ ಸೆಪ್ಟೆಂಬರಿನ ನೆರೆಯಲ್ಲೂ ಡ್ಯಾನ್ಯೂಬ್ ನೌಕೆಗಳು ನಿಂತುಹೋದವು. ಇಂತಹ ಸಂದರ್ಭಗಳಲ್ಲಿ ಪ್ರವಾಸಿಗಳನ್ನು ಬಸ್ಸಿನಲ್ಲಿ ಸಾಗಿಸಿ ಇನ್ನೊಂದು ನೌಕೆಗೆ ಹತ್ತಿಸುವುದು, ಇಲ್ಲವೇ ನಿಂತ ನೌಕೆಯನ್ನೇ ವಸತಿಗೃಹವಾಗಿಸುವುದು ರೂಢಿ. ಒಪ್ಪಂದದ ಸಣ್ಣಕ್ಷರಗಳಲ್ಲಿ ಈ ಹಕ್ಕನ್ನು ಕಂಪನಿ ಸಾಮಾನ್ಯವಾಗಿ ತನ್ನಲ್ಲಿಯೇ ಉಳಿಸಿಕೊಂಡಿರುತ್ತದೆ. ಎಷ್ಟು ದಿನ ಯಾನ ತಪ್ಪಿದರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಓದಬೇಕು.

ಇಲ್ಲಿ ಪರಿಸರಾಸಕ್ತರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬರಗಾಲದಲ್ಲಿ ನೌಕೆಗಳು ಸಿಕ್ಕಿಕೊಳ್ಳುವುದು ಎಲ್ಲಿ? ಅಣೆಕಟ್ಟುಗಳಿಂದ ಮಟ್ಟ ಕಾಯ್ದಿಟ್ಟ ಮೈನ್, ಮೊಸೆಲ್, ಪೋರ್ಚುಗಲ್ಲಿನ ಡೌರೊ ನದಿಗಳಲ್ಲಿ ಕಡಿಮೆ. ನದಿ ಇನ್ನೂ ತಾನಾಗಿ ಹರಿಯುವ ಎಡೆಗಳಲ್ಲೇ ಹೆಚ್ಚು. ಬವೇರಿಯದ ಸ್ಟ್ರೌಬಿಂಗ್ ಮತ್ತು ವಿಲ್ಸ್‌ಹೋಫೆನ್ ನಡುವಿನ ಸುಮಾರು 70 ಕಿ.ಮೀ. ಡ್ಯಾನ್ಯೂಬ್ ಅಂತಹ ಒಂದು ಭಾಗ. ಅಲ್ಲಿ ಅಡ್ಡಗಟ್ಟೆ ಕಟ್ಟಬೇಕೆಂಬ ಯೋಜನೆಯನ್ನು ಜನ ದೀರ್ಘಕಾಲ ವಿರೋಧಿಸಿದರು. 2013ರಲ್ಲಿ ಬವೇರಿಯ ಸರ್ಕಾರ ಅಡ್ಡಗಟ್ಟೆಯನ್ನು ಕೈಬಿಟ್ಟಿತು. ಆಸ್ಟ್ರಿಯದ ವಿಯೆನ್ನಾದ ಕೆಳಗೆ ಹೈನ್‌ಬುರ್ಗ್‌ನಲ್ಲಿ 1984ರ ಡಿಸೆಂಬರಿನ ಚಳಿಯಲ್ಲಿ ಸಾವಿರಾರು ಜನ ನದಿಯಂಚಿನ ಕಾಡಿನಲ್ಲಿ ಬೀಡುಬಿಟ್ಟು ಜಲವಿದ್ಯುತ್ ಸ್ಥಾವರವನ್ನು ತಡೆದರು. 1996ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದೇ 1984ರಲ್ಲಿ ಹಂಗೇರಿಯಲ್ಲಿ ಆರಂಭವಾದ ‘ಡ್ಯಾನ್ಯೂಬ್ ವೃತ್ತ’ ಎಂಬ ಬಳಗ ನಾಜ್ಮರೋಷ್ ಅಣೆಕಟ್ಟಿನ ವಿರುದ್ಧ ಸರ್ವಾಧಿಕಾರದ ಕಾಲದಲ್ಲೇ ದನಿಯೆತ್ತಿತು. 1989ರಲ್ಲಿ ಅಲ್ಲಿನ ಕಾಮಗಾರಿ ನಿಂತಿತು. ಪುಸ್ತಿಕೆಯ ಅತ್ಯಂತ ಸುಂದರ ಚಿತ್ರಗಳಲ್ಲಿ ಕೆಲವು ಉಳಿದಿರುವುದು ಹೀಗೆ ಹೋರಾಡಿದವರಿಂದ. ನೀರಿಲ್ಲದೆ ಬಸ್ಸು ಹತ್ತಬೇಕಾದ ಪ್ರವಾಸಿ ಗೊಣಗುವ ಮೊದಲು ಇದನ್ನು ತಿಳಿದಿರಬೇಕು. ಸದಾ ಒಂದೇ ಮಟ್ಟದಲ್ಲಿ ನಿಲ್ಲುವ ನದಿ ನೌಕೆಗೆ ಅನುಕೂಲ, ಮೀನಿಗೆ ಅಲ್ಲ.

ಎರಡನೆಯ ಪುಸ್ತಿಕೆಯ ಮಾರ್ಗ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಸರ್ಬಿಯ, ರೊಮೇನಿಯಗಳ ನಡುವಿನ ‘ಉಕ್ಕಿನ ದ್ವಾರ’ ಎಂಬ ಕಮರಿಯನ್ನು ನೌಕೆ ನಿಶ್ಚಲವಾದ ನೀರಿನ ಮೇಲೆ ದಾಟುತ್ತದೆ. ಅದು 1972ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು. ಅದರಡಿಯಲ್ಲಿ ಹಳೆಯ ಒರ್ಶೊವ ಪಟ್ಟಣವಿದೆ. ತುರ್ಕಿ ಮೂಲದ ಜನ ಮಸೀದಿ, ಅಂಗಡಿಬೀದಿಗಳೊಂದಿಗೆ ಬಾಳಿದ್ದ ಅದಾ ಕಾಲೆ ಎಂಬ ದ್ವೀಪವಿದೆ. ಕಪ್ಪು ಸಮುದ್ರದಿಂದ ಮೊಟ್ಟೆಯಿಡಲು ಮೇಲೇರಿ ಬರುತ್ತಿದ್ದ ಸ್ಟರ್ಜನ್ ಮೀನುಗಳ ದಾರಿಯೂ ಅಲ್ಲಿಗೇ ಮುಗಿದಿದೆ. ಮಾರ್ಗದರ್ಶಿ ಇದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಬೇಸಿಗೆಯಲ್ಲಿ ಶರಾವತಿಯ ಹಿನ್ನೀರು ಇಳಿದಾಗ ತವರಿನ ಗದ್ದೆಯ ಬದು ಕಾಣುತ್ತದೆಯೇ ಎಂದು ನೋಡಿದ ಹೆಂಗಸಿಗೆ ಆ ಐದು ನಿಮಿಷ ಸಾಲದು.

ನೌಕೆಯ ಶುಚಿತ್ವದ ಪ್ರಶ್ನೆಯೂ ಇದೆ. 1986ರ ನವೆಂಬರ್ 1ರಂದು ಬಾಸೆಲ್ ಬಳಿಯ ಸ್ಯಾಂಡೋಜ್ ಉಗ್ರಾಣಕ್ಕೆ ಬೆಂಕಿ ಬಿದ್ದು, ನಂದಿಸಿದ ನೀರಿನೊಡನೆ ಕೀಟನಾಶಕಗಳು ರೈನಿಗೆ ಸೇರಿ ಹಾವುಮೀನುಗಳ ಸಂಕುಲವೇ ನಾಶವಾಯಿತು. ಆ ಆಘಾತದ ನಂತರ ತೀರದ ದೇಶಗಳು ಒಂದುಗೂಡಿ ಶ್ರಮಿಸಿದ್ದರಿಂದಲೇ ಇಂದು ರೈನಿನಲ್ಲಿ ಸಾಲ್ಮನ್ ಮತ್ತೆ ಕಾಣುತ್ತಿದೆ. ರೈನಿನ ನೌಕಾತ್ಯಾಜ್ಯದ ಕುರಿತ ಒಪ್ಪಂದಕ್ಕೆ 1996ರಲ್ಲಿ ಸಹಿಯಾಗಿ 2009ರಲ್ಲಿ ಜಾರಿಯಾಯಿತು. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಇವು: ಕೊಳಚೆನೀರನ್ನು ನೌಕೆಯಲ್ಲೇ ಶುದ್ಧೀಕರಿಸುತ್ತಾರೆಯೇ, ದಡಕ್ಕೆ ಒಪ್ಪಿಸುತ್ತಾರೆಯೇ? ನಿಂತಿರುವಾಗ ದಡದ ವಿದ್ಯುತ್ತನ್ನು ಬಳಸುತ್ತಾರೆಯೇ, ಅಥವಾ ರಾತ್ರಿಯಿಡೀ ಡೀಸೆಲ್ ಯಂತ್ರ ಓಡುತ್ತಿರುತ್ತದೆಯೇ? ತರಕಾರಿ ಎಲ್ಲಿಂದ ಬರುತ್ತದೆ? ಉತ್ತರಿಸದ ಕಂಪನಿಯನ್ನು ಬಿಡುವುದೇ ಉಚಿತ.

ಆದರೂ ಲೆಕ್ಕದಲ್ಲಿ ಪ್ರಾಮಾಣಿಕತೆ ಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಏಳು ಸಾವಿರ ಕಿ.ಮೀ.ಗಿಂತ ದೂರ. ಆ ವಿಮಾನದ ಹೊಗೆಯನ್ನು ಯಾವ ಹಸಿರು ನೌಕೆಯೂ ತೊಳೆಯಲಾರದು. ಹೋಗುವುದಾದರೆ ಎರಡು ಬಾರಿಯ ಪ್ರವಾಸವನ್ನು ಒಂದಾಗಿಸಿ, ಮಗನ ಮನೆಯಲ್ಲಿ ಹೆಚ್ಚು ದಿನ ನಿಂತು, ಅಲ್ಲಿಂದ ರೈಲಿನಲ್ಲಿ ನದಿಗೆ ಹೋಗುವುದು ಸೂಕ್ತ. ಐಷಾರಾಮಿ ನೌಕೆಯೇ ಬೇಕೆಂದೂ ಇಲ್ಲ. ವಿಶ್ವಪರಂಪರೆಯ ತಾಣವಾದ ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ ರೈನ್ ಕಣಿವೆಯಲ್ಲಿ ಎರಡೂ ದಡಗಳಲ್ಲಿ ರೈಲುಮಾರ್ಗವಿದೆ, ಹಗಲು ಸಂಚರಿಸುವ ಸಾರ್ವಜನಿಕ ದೋಣಿಗಳಿವೆ. ದ್ರಾಕ್ಷಿಯ ಇಳಿಜಾರುಗಳನ್ನು ಅವುಗಳಿಂದಲೂ ನೋಡಬಹುದು.

ಹಾಗಾದರೆ ಆ ತಾಯಿ ಮಗನಿಗೆ ಏನೆನ್ನಬೇಕು? ಮೇಲಿನ ಡ್ಯಾನ್ಯೂಬ್ ಸುಲಭ; ದಿನವೂ ಒಂದು ಪಟ್ಟಣ, ವಾಖಾವ್ ಕಣಿವೆಯ ಏಪ್ರಿಕಾಟ್ ತೋಟಗಳು. ತೋಟಗಾರ ಯಜಮಾನರಿಗೆ ಅದು ಹಿಡಿಸೀತು. ಕೆಳಗಿನ ಡ್ಯಾನ್ಯೂಬಿನಲ್ಲಿ ಆಕರ್ಷಣೆಗಳು ವಿರಳ, ಪ್ರಯಾಣ ದೀರ್ಘ. ಆದರೆ ತನ್ನಂತೆಯೇ ಊರು ಕಳೆದುಕೊಂಡವರು ಜಗತ್ತಿನ ಇನ್ನೊಂದು ನದಿಯ ದಡದಲ್ಲೂ ಇದ್ದಾರೆಂದು ಕಣ್ಣಾರೆ ಕಾಣಬಯಸುವವರಿಗೆ ಅದೇ ಸರಿಯಾದ ಆಯ್ಕೆ. ಎರಡರಲ್ಲಿ ಯಾವುದನ್ನು ಆರಿಸಿದರೂ, ತಾನು ತೇಲುತ್ತಿರುವುದು ಹರಿಯುವ ನೀರಿನ ಮೇಲೋ ಕಟ್ಟಿ ನಿಲ್ಲಿಸಿದ ನೀರಿನ ಮೇಲೋ ಎಂದು ತಿಳಿದು ತೇಲಬೇಕು. ಹಿಂದಿರುಗಿ ಬಂದಾಗ ಈ ದಡದ ನದಿಯ ಸಭೆಗೂ ಬರಬೇಕು.