ಕಾಯಕ ಅವಳದು, ಖಾತೆ ಯಾರದು?



ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹಿಂದಿರುಗಿಸಿ ಬನ್ನಿ ಎಂದವಳು ಆಯ್ದಕ್ಕಿ ಲಕ್ಕಮ್ಮ. ಮನೆಗೆ ಎಷ್ಟು ಬರಬೇಕೆಂಬುದರಲ್ಲಿ ಆಕೆಯ ಮಾತು ನಡೆಯುತ್ತಿತ್ತು.

ನಮ್ಮ ಕಾಲಕ್ಕೆ ಬನ್ನಿ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತವಳು ಹೆಂಡತಿ. ಎಷ್ಟೋ ಮನೆಗಳಲ್ಲಿ ಕೂಲಿ ಜಮೆಯಾದದ್ದು ಗಂಡನ ಖಾತೆಗೆ. ಅರ್ಥಶಾಸ್ತ್ರಜ್ಞೆ ರೋಹಿಣಿ ಪಾಂಡೆ ಮತ್ತು ಸಂಗಡಿಗರು ಮಧ್ಯಪ್ರದೇಶದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವು ಹೆಣ್ಣುಮಕ್ಕಳಿಗೆ ಬರೀ ಖಾತೆ ತೆರೆಸಿದರು. ಇನ್ನು ಕೆಲವರಿಗೆ ಅದನ್ನು ಬಳಸುವ ತರಬೇತಿ ಕೊಟ್ಟು, ಕೂಲಿಯೂ ನೇರ ಅಲ್ಲಿಗೇ ಬರುವಂತೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಇದು: ಎರಡನೆಯ ಗುಂಪಿನವರು ಸರ್ಕಾರಿ ಕೆಲಸಕ್ಕಷ್ಟೇ ಅಲ್ಲ, ಖಾಸಗಿ ಕೆಲಸಕ್ಕೂ ಹೆಚ್ಚು ಹೋದರು. ಮೂರು ವರ್ಷಗಳ ಮೇಲೆ ನೋಡಿದರೆ, ಹೆಣ್ಣು ಹೊರಗೆ ದುಡಿಯಬಾರದೆಂಬ ಕಟ್ಟುಪಾಡು ಅವರ ಮನಸ್ಸಿನಲ್ಲೇ ಸಡಿಲಗೊಂಡಿತ್ತು.

ಪಾಸ್‌ಬುಕ್ ಒಂದಿದ್ದರೆ ಸಾಲದು ಎಂದಾಯಿತು. ಕಾಯಕದ ಫಲ ಕೈಗೆ ಬಾರದವಳು ದಾಸೋಹ ಮಾಡುವುದು ಯಾವುದರಿಂದ? ಹೆಣ್ಣಿನ ಕೊರಳಿಗೂ ಇಷ್ಟಲಿಂಗ ಕೊಟ್ಟ ಧರ್ಮ ನಮ್ಮದು. ಅವಳಿಗೂ ಅವಳ ಲಿಂಗಕ್ಕೂ ನಡುವೆ ಯಾರೂ ಬೇಡ ಎಂದೆವು. ಅವಳಿಗೂ ಅವಳ ಕೂಲಿಗೂ ನಡುವೆ ನಾವೇಕೆ ನಿಂತಿದ್ದೇವೆ?

ಇಂದು ಮನೆಗೆ ಹೋದವರು ಒಮ್ಮೆ ಕೇಳಿ ನೋಡಿ: ನಮ್ಮ ಮನೆಯ ಶರಣೆಯ ದುಡಿಮೆ ಯಾರ ಖಾತೆಗೆ ಬೀಳುತ್ತಿದೆ?